ಊರು ಬಿಟ್ಟವರಿಗೆ ಬಂದ ಕಾಗದ: ಮುಂಬೈಯಲ್ಲಿದ್ದುಕೊಂಡೇ ಪೂರ್ಣಮನಸ್ಸಿನಿಂದ ದೇವರನ್ನು ಹುಡುಕುವುದು ಹೇಗೆ

ಸತ್ಯವೇದದ (ಬೈಬಲಿನ) ಯೆರೆಮೀಯ 29:13 ನಮ್ಮ ಸಭೆಗಳಲ್ಲಿ ಬಹಳ ಜನಕ್ಕೆ ಬಾಯಿಪಾಠ. ಮನಸ್ಸಿಟ್ಟು ಹುಡುಕಿದರೆ ನಾನು ಸಿಗುತ್ತೇನೆ ಎಂದು ದೇವರು ಕೊಟ್ಟ ಮಾತು ಅದು. ಕ್ಯಾಲೆಂಡರಿನ ಮೇಲೆ, ಮನೆಯ ಗೋಡೆಯ ಮೇಲೆ, ಮದುವೆಯ ಕಾರ್ಡಿನಲ್ಲೂ ಅದನ್ನು ಅಚ್ಚು ಹಾಕಿಸುತ್ತೇವೆ. ಆದರೆ ಆ ಮಾತು ಮೊದಲು ಯಾರ ಕೈ ಸೇರಿತು ಎಂದು ಅಧ್ಯಾಯದ ಆರಂಭದಿಂದ ಓದಿ ನೋಡಿದವರು ಕಡಿಮೆ. ಅದು ಒಂದು ಕಾಗದದ ಭಾಗ. ಕ್ರಿ.ಪೂ. 597ರಲ್ಲಿ ಬಾಬೆಲಿನ ಅರಸ ನೆಬೂಕದ್ನೆಚ್ಚರನು ಯೆರೂಸಲೇಮಿನಿಂದ ಹಿಡಿದು ಒಯ್ದ ಜನ ಬಾಬೆಲಿನಲ್ಲಿದ್ದಾಗ ಪ್ರವಾದಿ ಯೆರೆಮೀಯನು ಅವರಿಗೆ ಬರೆದು ಕಳಿಸಿದ್ದು.

ಎರಡೇ ವರ್ಷದಲ್ಲಿ ಎಲ್ಲರೂ ವಾಪಸ್ಸು ಬರುತ್ತಾರೆ ಎಂದು ಹನನ್ಯನೆಂಬವನು ಯೆರೂಸಲೇಮಿನಲ್ಲಿ ಸಾರಿದ್ದ. ಬಾಬೆಲಿನಲ್ಲೂ ಕಿವಿಗೆ ಇಂಪಾದದ್ದನ್ನು ಹೇಳುವವರಿಗೆ ಕೊರತೆ ಇರಲಿಲ್ಲ. ಯೆರೆಮೀಯನ ಕಾಗದ ಹೇಳಿದ್ದೇ ಬೇರೆ: 70 ವರ್ಷ ಆಗುತ್ತದೆ, ಮನೆ ಕಟ್ಟಿಕೊಳ್ಳಿ, ತೋಟ ಮಾಡಿ ಅದರ ಹಣ್ಣು ತಿನ್ನಿ, ಮಕ್ಕಳ ಮದುವೆ ಮಾಡಿ, ನೀವಿರುವ ಪಟ್ಟಣಕ್ಕಾಗಿ ಪ್ರಾರ್ಥಿಸಿ. ‘ಹುಡುಕಿದರೆ ಸಿಗುತ್ತೇನೆ’ ಎಂಬ ಮಾತು ಬರುವುದು ಅದೇ ಕಾಗದದಲ್ಲಿ. ಧರ್ಮೋಪದೇಶಕಾಂಡ 4:29 ಇದನ್ನು ಇನ್ನೂ ಬಿಡಿಸಿ ಹೇಳುತ್ತದೆ: ಚದರಿಹೋದ ಪರನಾಡಿನಿಂದಲೇ ಹುಡುಕುವಿರಿ, ಅಲ್ಲಿಂದಲೇ ಕಂಡುಕೊಳ್ಳುವಿರಿ.

ಧಾರಾವಿಯ ಖೋಲಿಯಲ್ಲಿರಲಿ, ಡೊಂಬಿವಲಿಯ ಫ್ಲ್ಯಾಟಿನಲ್ಲಿರಲಿ, ಮುಂಬೈ ಕನ್ನಡಿಗ ಕ್ರೈಸ್ತರಿಗೆ ಈ ಮಾತು ನೇರವಾಗಿ ತಟ್ಟಬೇಕು. ನಿಜವಾದ ದೇವಾಲಯ ಊರಲ್ಲಿದೆ, ಇಲ್ಲಿ ದುಡಿಮೆ ಮಾತ್ರ ಎಂಬ ಭಾವನೆ ನಮ್ಮೊಳಗೆ ಆಳವಾಗಿದೆ. ಹುಬ್ಬಳ್ಳಿಯದೋ ಬೆಟಗೇರಿಯದೋ ಮಂಗಳೂರಿನದೋ ಹಳೆಯ ದೇವಾಲಯದ ಗಂಟೆ ಕಿವಿಯಲ್ಲಿರುತ್ತದೆ. ಕ್ರಿಸ್ಮಸ್ಸಿಗೆ ಹೋದಾಗ, ಮೇ ರಜೆಯಲ್ಲಿ ಹೋದಾಗ, ಕೊನೆಗೆ ರಿಟೈರ್ ಆಗಿ ಹೋದಾಗ ಸರಿಯಾಗಿ ದೇವರ ಕಡೆ ತಿರುಗೋಣ ಎಂದು ಮುಂದೂಡುತ್ತೇವೆ. ಮೈ ಇಲ್ಲಿ, ಮನಸ್ಸು ಅಲ್ಲಿ. ಇಬ್ಭಾಗವಾದ ಮನಸ್ಸು ಅಂದರೆ ಇದೇ. ಮುಂದೆ ಹೇಳಿರುವ ಕ್ರಮಗಳೆಲ್ಲ ಅದನ್ನು ನೀವಿರುವ ಜಾಗಕ್ಕೆ ಕರೆತರುವುದಕ್ಕಾಗಿ. ನೀವು ಕಥೋಲಿಕರ ಬಲಿಪೂಜೆಗೆ ಹೋಗುವವರಾದರೂ ಸರಿ, ಪ್ರಾಟೆಸ್ಟಂಟರ ಆರಾಧನೆಗೆ ಹೋಗುವವರಾದರೂ ಸರಿ.

ಪೂರ್ಣಮನಸ್ಸು ಅಂದರೆ

ಮಕ್ಕಳಿಗೆ ‘ಮನಸ್ಸಿಟ್ಟು ಓದು’ ಎನ್ನುತ್ತೇವಲ್ಲ, ಆ ಅರ್ಥವೇ ಇಲ್ಲಿಗೆ ಸರಿಹೊಂದುತ್ತದೆ. ಸತ್ಯವೇದದ ಹೀಬ್ರೂ ಭಾಷೆಯಲ್ಲಿ ‘ಲೇವ್’ ಎಂಬ ಶಬ್ದಕ್ಕೆ ಹೃದಯ ಎಂದು ಅರ್ಥ. ಆದರೆ ಅದು ಭಾವನೆಯ ಮನೆ ಮಾತ್ರ ಆಗಿರಲಿಲ್ಲ; ಯೋಚನೆ, ನಿರ್ಧಾರ, ನೆನಪು ಎಲ್ಲ ಅದರೊಳಗೆ ಬರುತ್ತಿದ್ದವು. ಆದ್ದರಿಂದ ಹಾಡುವಾಗ ಕಣ್ಣೀರು ಬಂತೇ, ಮೈ ಜುಮ್ಮೆಂದಿತೇ ಎಂದು ಅಳೆಯಬೇಡಿ. ಕಣ್ಣೀರು ಬಂದರೆ ಒಳ್ಳೆಯದು, ಬರದಿದ್ದರೆ ಏನೂ ಕಳೆದುಹೋಗಿಲ್ಲ. ಕೀಬೋರ್ಡಿನ ಸ್ವರ ಏರಿದಾಗ ಯಾರಿಗಾದರೂ ಎದೆ ತುಂಬಿ ಬರುತ್ತದೆ, ಸಿನಿಮಾ ನೋಡುವಾಗಲೂ ಬರುತ್ತದೆ.

ಎಚ್ಚರಿಕೆಗೆ ಒಬ್ಬ ರಾಜನ ಉದಾಹರಣೆ ಸಾಕು. ಅಮಚ್ಯನು ಕರ್ತನಿಗೆ ಮೆಚ್ಚಿಕೆಯಾದದ್ದನ್ನೇ ಮಾಡಿದ, ಆದರೆ ಪೂರ್ಣಮನಸ್ಸಿನಿಂದ ಮಾಡಲಿಲ್ಲ ಎಂದು 2 ಪೂರ್ವಕಾಲವೃತ್ತಾಂತ 25:2 ಹೇಳುತ್ತದೆ. ಮಾಡಿದ ಕೆಲಸದಲ್ಲಿ ತಪ್ಪಿರಲಿಲ್ಲ. ಅದೇ ಅಧ್ಯಾಯ ಮುಂದಕ್ಕೆ ಓದಿ: ಏದೋಮ್ಯರನ್ನು ಗೆದ್ದ ಮೇಲೆ ಅವರ ದೇವತೆಗಳ ವಿಗ್ರಹಗಳನ್ನೇ ತಂದು ನಿಲ್ಲಿಸಿಕೊಂಡ. ಒಳಗೆ ಖಾಲಿ ಬಿಟ್ಟ ಜಾಗ ಬೇರೆಯದಕ್ಕೆ ಮನೆಯಾಯಿತು. ಇದಕ್ಕೆ ಎದುರಾಗಿ ನಿಲ್ಲುವ ಪ್ರಾರ್ಥನೆ ಕೀರ್ತನೆ 86:11ರಲ್ಲಿದೆ, ಏಕಮನಸ್ಸನ್ನು ಕೊಡು ಎಂದು. ಏಕಮನಸ್ಸನ್ನು ಬೇಡಿ ಪಡೆಯಬೇಕು, ಹಲ್ಲು ಕಚ್ಚಿ ತರಲಾಗದು. ನಮ್ಮ ಪಾಲಿನ ಕೆಲಸ, ದಾರಿಯಲ್ಲಿ ಬಿದ್ದಿರುವುದನ್ನು ಎತ್ತಿಡುವುದು.

ಮೊದಲು ಪಟ್ಟಿ ಮಾಡಿ

ಶುಕ್ರವಾರ ರಾತ್ರಿ 20 ನಿಮಿಷ ಸಾಕು. ಒಂದು ಹಾಳೆ, ಒಂದು ಪೆನ್ನು. ಕಳೆದ ಭಾನುವಾರ ಪ್ರಸಂಗ ನಡೆಯುತ್ತಿದ್ದಾಗ ತಲೆಯಲ್ಲಿ ಏನೇನು ಓಡಿತು? ನಾಚಿಕೊಳ್ಳದೆ ಬರೆಯಿರಿ. ಗ್ಯಾಸ್ ಬುಕ್ಕಿಂಗ್, ತಮ್ಮನ ಸಾಲ, ಸೋಮವಾರದ ಶಿಫ್ಟ್, ಹೊಲದ ಕೇಸು, ಮಗಳ ಫೀಸು, ಎದುರು ಸಾಲಿನಲ್ಲಿ ಕೂತವರ ಮೇಲಿನ ಸಿಟ್ಟು. ಸಾಮಾನ್ಯವಾಗಿ ಹತ್ತು ಹನ್ನೆರಡು ವಿಷಯ ಸಿಗುತ್ತವೆ.

ಈಗ ಪ್ರತಿಯೊಂದರ ಮುಂದೆ ಒಂದು ಗುರುತು ಹಾಕಿ: ಕೆಲಸ, ಭಯ, ಅಥವಾ ಜಗಳ. ಮೂರಕ್ಕೂ ಔಷಧ ಬೇರೆ ಬೇರೆ. ಇದನ್ನು ಬೆರೆಸಿಕೊಂಡಾಗಲೇ ಎಡವಟ್ಟಾಗುವುದು. ‘ಕೆಲಸ’ ಎಂದು ಗುರುತಾದದ್ದನ್ನು ಶನಿವಾರ ಮುಗಿಸಿ, ಆಗದಿದ್ದರೆ ಸೋಮವಾರದ ಗಂಟೆ ಸಮೇತ ಬರೆದಿಡಿ. ಬರೆದಿಟ್ಟದ್ದನ್ನು ತಲೆ ಬಿಟ್ಟುಕೊಡುತ್ತದೆ. ಗ್ಯಾಸ್ ಬುಕ್ಕಿಂಗಿಗೆ ಮೊಣಕಾಲೂರಿ ಪ್ರಾರ್ಥಿಸುವ ಅಗತ್ಯವಿಲ್ಲ, ಫೋನ್ ಮಾಡಿದರೆ ಸಾಕು. ‘ಭಯ’ವನ್ನು ಮಾತ್ರ ಪ್ರಾರ್ಥನೆಗೆ ಒಯ್ಯಿರಿ, ಹೆಸರಿಟ್ಟು ಒಯ್ಯಿರಿ. ‘ಸಮಸ್ಯೆಗಳನ್ನು ನೀಗಿಸು ಕರ್ತನೇ’ ಎಂದರೆ ಮನಸ್ಸು ಅಲ್ಲೇ ಸುತ್ತುತ್ತದೆ. ‘ಜೂನ್ ಫೀಸಿಗೆ ಎಂಟು ಸಾವಿರ ಕಡಿಮೆ ಬೀಳುತ್ತಿದೆ, ಹೆದರಿಕೆಯಾಗಿದೆ’ ಎಂದು ಹೇಳಿದಾಗ ಭಾರ ಕೈಯಿಂದ ಕೈಗೆ ದಾಟುತ್ತದೆ.

‘ಜಗಳ’ಕ್ಕೆ ಪ್ರಾರ್ಥನೆ ಸಾಲದು. ಮತ್ತಾಯ 5:23-24ರಲ್ಲಿ ಯೇಸುಸ್ವಾಮಿ ಸ್ಪಷ್ಟವಾಗಿ ಹೇಳಿದ್ದಾರೆ: ಸಹೋದರನಿಗೆ ನಿಮ್ಮ ಮೇಲೆ ಏನಾದರೂ ಇದೆ ಎಂದು ನೆನಪಾದರೆ ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು ಹೋಗಿ ಮೊದಲು ರಾಜಿಯಾಗಿ. ಗಮನಿಸಿ, ನಿಮ್ಮ ಸಿಟ್ಟಿನ ಮಾತಲ್ಲ ಅದು, ಅವನ ಸಿಟ್ಟಿನ ಮಾತು. ಶನಿವಾರ ಸಂಜೆಯೊಳಗೆ ಒಂದು ಫೋನ್. ‘ನೀನೂ ತಪ್ಪು ಮಾಡಿದ್ದೆ’ ಎಂಬುದನ್ನು ಸೇರಿಸದೆ, ನಿಮ್ಮ ಪಾಲಿನದಕ್ಕೆ ಮಾತ್ರ ಕ್ಷಮೆ ಕೇಳಿ. ಎದುರಿನವರು ಎತ್ತಲಿಲ್ಲವೆಂದರೆ, ಎತ್ತಿ ಬೈದರೂ, ನೀವು ಮಾಡಬೇಕಾದ್ದು ಆಯಿತು. ಒಂದು ಮಾತು ಮಾತ್ರ ಬೇರೆಯಾಗಿ ಹೇಳಬೇಕು: ಹೊಡೆತ, ಹಿಂಸೆ ಇರುವ ಮನೆಗೆ ರಾಜಿಗಾಗಿ ಒಬ್ಬರೇ ಹೋಗಬೇಡಿ. ಅಲ್ಲಿ ಮೊದಲು ಬೇಕಾದದ್ದು ಸುರಕ್ಷತೆ.

ವಾರದ ದಿನಗಳು: 15 ನಿಮಿಷ

ಭಾನುವಾರ ಒಂದೇ ದಿನದಲ್ಲಿ ಮನಸ್ಸು ಕೂಡಿಬರುವುದಿಲ್ಲ. ದಿನಕ್ಕೆ 15 ನಿಮಿಷ ಇಟ್ಟುಕೊಳ್ಳಿ, ಹೆಚ್ಚು ಬೇಡ. ಇಲ್ಲಿ ಆಗುವ ಅತಿ ಸಾಮಾನ್ಯ ತಪ್ಪು ಉತ್ಸಾಹದಲ್ಲಿ ಬೆಳಿಗ್ಗೆ 4ಕ್ಕೆ ಎದ್ದು ಒಂದು ಗಂಟೆ ಎಂದು ತೀರ್ಮಾನಿಸುವುದು. ಗುರುವಾರದ ಹೊತ್ತಿಗೆ ನಿದ್ದೆ ಸೋಲಿಸುತ್ತದೆ, ಶುಕ್ರವಾರ ತಪ್ಪಿತಸ್ಥ ಭಾವ, ಶನಿವಾರದಿಂದ ಏನೂ ಇಲ್ಲ.

ಹೊತ್ತು ಯಾವುದು? ಚಾಳಿನಲ್ಲಿ ಇರುವವರಿಗೆ ನಲ್ಲಿಯ ನೀರೇ ಗಡಿಯಾರ. 5ರಿಂದ 6ರವರೆಗೆ ನೀರು ಬರುವುದಾದರೆ ಆ ಹೊತ್ತಿಗೆ ಪ್ರಾರ್ಥನೆ ಇಡಬೇಡಿ; ಕೊಡ ತುಂಬುವ ಸದ್ದಿಗೆ ಕಿವಿ ಹೋಗಿಯೇ ಹೋಗುತ್ತದೆ. ಕೊನೆಯ ಡ್ರಮ್ಮು ತುಂಬಿ ಮುಚ್ಚಳ ಹಾಕಿದ ಮೇಲೆ, ಚಹಾ ಇಡುವ ಮೊದಲು ಕೂತುಕೊಳ್ಳಿ. ನೈಟ್ ಶಿಫ್ಟಿನವರಿಗೆ ಬೆಳಿಗ್ಗೆಯೇ ಆಗಬೇಕೆಂಬ ನಿಯಮವಿಲ್ಲ. ಯೇಸುಸ್ವಾಮಿ ಮುಂಜಾನೆ ಎದ್ದು ಪ್ರಾರ್ಥಿಸಿದ್ದೂ ಉಂಟು (ಮಾರ್ಕ 1:35), ಇಡೀ ರಾತ್ರಿ ಪ್ರಾರ್ಥಿಸಿದ್ದೂ ಉಂಟು (ಲೂಕ 6:12).

ಜಾಗ ಯಾವುದು? ಕೋಣೆಗೆ ಹೋಗಿ ಬಾಗಿಲು ಮುಚ್ಚಿಕೋ ಎಂದು ಮತ್ತಾಯ 6:6 ಹೇಳುತ್ತದೆ. ಹತ್ತು-ಹನ್ನೆರಡು ಅಡಿಯ ಖೋಲಿಯಲ್ಲಿ ಐದು ಜನ ಮಲಗಿರುವಾಗ ಮುಚ್ಚಲು ಬಾಗಿಲೆಲ್ಲಿ? ಗೋಡೆಗೆ ಮುಖ ಮಾಡಿ ಕೂತು ತಲೆಯ ಮೇಲೆ ಸೆರಗೋ ಟವೆಲ್ಲೋ ಹಾಕಿಕೊಳ್ಳಿ; ಮನೆಯವರಿಗೆ ‘ಈ ಹದಿನೈದು ನಿಮಿಷ ಕರೆಯಬೇಡಿ’ ಎಂದು ಮೊದಲೇ ಹೇಳಿ. ಒಂದು ವಾರದಲ್ಲಿ ಮಕ್ಕಳೂ ಕಲಿಯುತ್ತಾರೆ. ಫೋರ್ಟ್ ಕಡೆ ಕೆಲಸ ಮಾಡುವವರಿಗೆ ಊಟದ ಬಿಡುವಿನಲ್ಲಿ ಸೇಂಟ್ ಥಾಮಸ್ ಕಥೀಡ್ರಲ್ ಇದೆ. 1718ರ ಕ್ರಿಸ್ಮಸ್ಸಿನಂದು ತೆರೆದ ಆ ದೇವಾಲಯದಿಂದಲೇ ಚರ್ಚ್‌ಗೇಟ್ ಎಂಬ ಹೆಸರು ಬಂದದ್ದು. ಊಟದ ಡಬ್ಬಾ ಮುಗಿಸಿ ಹತ್ತು ನಿಮಿಷ ಅಲ್ಲಿ ಸುಮ್ಮನೆ ಕೂತು ಬನ್ನಿ.

ಫೋನನ್ನು ಏನು ಮಾಡಬೇಕು? ಸೈಲೆಂಟ್ ಮಾಡಿ ಪಕ್ಕದಲ್ಲಿಟ್ಟರೆ ಪ್ರಯೋಜನವಿಲ್ಲ, ಪರದೆ ಬೆಳಗಿದರೆ ಕಣ್ಣು ಹೋಗುತ್ತದೆ. ಸ್ವಿಚ್ ಆಫ್ ಮಾಡಿ ಸ್ಟೀಲ್ ಡಬ್ಬಿಯಲ್ಲಿ ಹಾಕಿ ಅಟ್ಟದ ಮೇಲಿಡಿ. ಅಟ್ಟಕ್ಕೆ ಕೈ ಚಾಚಬೇಕು, ಮುಚ್ಚಳ ತೆಗೆಯಬೇಕು ಎಂಬಷ್ಟು ಅಡ್ಡಿ ಇದ್ದರೆ ಕೈ ತಾನಾಗಿ ಹೋಗುವುದು ನಿಲ್ಲುತ್ತದೆ. ಹಾಗಾಗಿ ಕಾಗದದ ಸತ್ಯವೇದವೇ ಒಳ್ಳೆಯದು. ಕಣ್ಣು ಮಂಜಾದವರು, ಓದು ಬಾರದವರು ಕನ್ನಡ ಆಡಿಯೋ ಸತ್ಯವೇದವನ್ನು ಫ್ಲೈಟ್ ಮೋಡಿನಲ್ಲಿ ಕೇಳಬಹುದು.

ಆ 15 ನಿಮಿಷ ಹೀಗೆ ಹಂಚಿ: ಎರಡು ನಿಮಿಷ ಸುಮ್ಮನಿರಿ, ಉಸಿರು ನಿಧಾನವಾಗಲಿ. ಆರು ನಿಮಿಷ ವಾಕ್ಯ. ಐದು ನಿಮಿಷ ಪ್ರಾರ್ಥನೆ. ಕೊನೆಯ ಎರಡು ನಿಮಿಷ ಏನನ್ನೂ ಕೇಳದೆ ಕೂತಿರಿ. ಕೊನೆಯದೇ ಕಷ್ಟ, ಅದನ್ನೇ ಎಲ್ಲರೂ ಬಿಟ್ಟುಬಿಡುತ್ತಾರೆ. ಬಿಡಬೇಡಿ. ಪ್ರಾರ್ಥನೆಯ ಭಾಷೆ ಯಾವುದಿರಬೇಕೆಂದು ಕೇಳುತ್ತೀರಾದರೆ, ನೀವು ದುಡ್ಡು ಎಣಿಸುವಾಗ ಯಾವ ಭಾಷೆಯಲ್ಲಿ ಎಣಿಸುತ್ತೀರೋ ಅದರಲ್ಲೇ ಪ್ರಾರ್ಥಿಸಿ. ‘ಓ ಸರ್ವಶಕ್ತನಾದ ತಂದೆಯೇ’ ಎಂದು ವೇದಿಕೆಯ ಕನ್ನಡದಲ್ಲಿ ಶುರು ಮಾಡಿದರೆ ಒಳಗಿನ ಮಾತು ಒಳಗೇ ಉಳಿಯುತ್ತದೆ. ಕಲಬುರಗಿ ಮಾತು ಬಂದರೆ ಕಲಬುರಗಿ ಮಾತು, ತುಳು ಬಂದರೆ ತುಳು.

ಲೋಕಲ್ ಗಾಡಿಯಲ್ಲಿ ಓದಲು

ಕೀರ್ತನೆ 120ರಿಂದ 134ರವರೆಗಿನ 15 ಕೀರ್ತನೆಗಳಿಗೆ ‘ಯಾತ್ರಾಗೀತೆ’ ಎಂಬ ತಲೆಬರಹವಿದೆ. ಯೆರೂಸಲೇಮಿಗೆ ಹಬ್ಬಕ್ಕೆ ನಡೆದುಹೋಗುವವರ ಹಾಡುಗಳೆಂದು ಸಾಮಾನ್ಯವಾಗಿ ತಿಳಿಯುತ್ತಾರೆ. ಎಲ್ಲ ಚಿಕ್ಕವು, 132 ಒಂದೇ 18 ವಚನಗಳಷ್ಟು ಉದ್ದ. ಮೊದಲನೆಯದಾದ 120 ಪರದೇಶದಲ್ಲಿ ವಾಸಿಸುವವನ ಸಂಕಟದಿಂದಲೇ ಆರಂಭವಾಗುತ್ತದೆ. ಪ್ರಯಾಣದಲ್ಲಿರುವವರಿಗೆ ಇದಕ್ಕಿಂತ ಒಗ್ಗುವ ಭಾಗ ಇನ್ನೊಂದಿಲ್ಲ ಎಂಬುದು ನಮ್ಮ ಅಭಿಪ್ರಾಯ.

ಹೋಗುವಾಗ ಒಂದು, ಬರುವಾಗ ಅದನ್ನೇ ಮತ್ತೊಮ್ಮೆ. ವಾರಕ್ಕೆ ಐದು ದಿನ ಕೆಲಸವಾದರೆ ಮೂರು ವಾರಕ್ಕೆ ಮುಗಿಯುತ್ತದೆ. ಗರ್ದಿಯಲ್ಲಿ ಪುಸ್ತಕ ತೆರೆಯಲಾಗದು. ರಾತ್ರಿಯೇ ಕೈಯಲ್ಲಿ ಒಂದು ಚೀಟಿಯ ಮೇಲೆ ಬರೆದು ಅಂಗಿಯ ಜೇಬಿಗೆ, ಇಲ್ಲವೇ ಪಾಸಿನ ಕವರಿಗೆ ಹಾಕಿಕೊಳ್ಳಿ. ಬರೆಯುವಾಗಲೇ ಅರ್ಧ ಓದಿದ ಹಾಗಾಗುತ್ತದೆ.

ಹೇಗೆ ಓದಬೇಕು ಎಂಬುದಕ್ಕೆ ಕೀರ್ತನೆ 131 ತೆಗೆದುಕೊಳ್ಳೋಣ. ಮೂರೇ ವಚನ. 12ನೇ ಶತಮಾನದ ಗೀಗೋ ಎಂಬ ಸನ್ಯಾಸಿ ಹೇಳಿದ ನಾಲ್ಕು ಮೆಟ್ಟಿಲನ್ನೇ ಹತ್ತೋಣ: ಓದು, ಧ್ಯಾನ, ಪ್ರಾರ್ಥನೆ, ದೇವರ ಸನ್ನಿಧಿಯಲ್ಲಿ ತಂಗುವುದು. ಮೊದಲು ಎರಡು ಸಲ ನಿಧಾನವಾಗಿ ಓದಿ. ಗರ್ವದ ಹೃದಯವಿಲ್ಲ, ನನಗೆ ಮೀರಿದ ದೊಡ್ಡ ಸಂಗತಿಗಳಲ್ಲಿ ಕೈಹಾಕಿಲ್ಲ ಎಂದು ಶುರುವಾಗಿ, ಮೊಲೆ ಬಿಡಿಸಿದ ಕೂಸು ತಾಯಿಯ ಬಳಿ ಇರುವ ಹಾಗೆ ನನ್ನ ಪ್ರಾಣವನ್ನು ಸಮಾಧಾನಪಡಿಸಿದ್ದೇನೆ ಎನ್ನುತ್ತದೆ. ಯಾವ ಶಬ್ದ ನಿಮ್ಮನ್ನು ಹಿಡಿದು ನಿಲ್ಲಿಸುತ್ತದೋ ಅಲ್ಲೇ ನಿಲ್ಲಿ. ‘ಮೊಲೆ ಬಿಡಿಸಿದ ಕೂಸು’ ಎನ್ನೋಣ. ಹಾಲು ಕುಡಿಯುವ ಕೂಸಿಗೆ ತಾಯಿಯ ಮಡಿಲು ಸಿಕ್ಕ ಕೂಡಲೇ ಹಾಲು ಬೇಕು, ತಡಕಾಡುತ್ತದೆ, ಅಳುತ್ತದೆ. ಬೇವು ಹಚ್ಚಿ ಮೊಲೆ ಬಿಡಿಸಿದ ಮೇಲೆ ಕೆಲವು ದಿನ ಹಟ, ರಂಪ. ಆಮೇಲೆ ಒಂದು ದಿನ ಅದೇ ಕೂಸು ಬಂದು ಮಡಿಲಲ್ಲಿ ಸುಮ್ಮನೆ ಒರಗುತ್ತದೆ. ಹಾಲಿಗಾಗಿ ಬಂದದ್ದಲ್ಲ, ಅವ್ವನಿಗಾಗಿ ಬಂದದ್ದು. ಈಗ ನಿಮ್ಮನ್ನೇ ಕೇಳಿಕೊಳ್ಳಿ: ದೇವರ ಹತ್ತಿರ ನಾನು ಹೋಗುವುದು ಯಾವುದಕ್ಕೆ? ಬೇಡಿದ್ದು ಕೊಡದಿದ್ದ ದಿನವೂ ಒರಗಿ ಕೂರಬಲ್ಲೆನೇ? ಬಂದ ಉತ್ತರವನ್ನು ಹಾಗೆಯೇ ದೇವರಿಗೆ ಹೇಳಿ. ಕುರ್ಲಾ ಬರುವಷ್ಟರಲ್ಲಿ ಹೇಳಿ ಮುಗಿಯಬಹುದು. ಉಳಿದ ದಾರಿ ಕಂಬಿ ಹಿಡಿದು ಆ ಒಂದು ಶಬ್ದದೊಂದಿಗೆ ನಿಂತಿರಿ.

ಇಡೀ ಅಧ್ಯಾಯ ಮುಗಿಸಲೇಬೇಕೆಂದು ಓಡಬೇಡಿ. ಒಂದು ಮಾತು ಒಳಗೆ ಇಳಿದರೆ ಆ ದಿನದ ಓದು ಆಯಿತು.

ಮಾಹಿಮಿನ ಸೇಂಟ್ ಮೈಕಲ್ ದೇವಾಲಯಕ್ಕೆ ಬುಧವಾರದ ನೊವೆನಾಕ್ಕೆ ಹೋಗುವ ಕನ್ನಡಿಗರೂ ಇದ್ದಾರೆ. ಅವರಿಗೂ ಈ ಕೀರ್ತನೆ ಬೇಕು. ಒಂಬತ್ತು ಬುಧವಾರ ಹರಕೆ ಹೊತ್ತು ಬೇಡಿಕೊಳ್ಳುವುದು ತಪ್ಪಲ್ಲ, ಬೇಡು ಎಂದು ದೇವರೇ ಹೇಳಿದ್ದಾರೆ. ಒಂಬತ್ತನೆಯ ಬುಧವಾರ ಕೆಲಸ ಸಿಗಲಿಲ್ಲವೆಂದು ಹತ್ತನೆಯ ಬುಧವಾರ ದೇವರೊಂದಿಗೆ ಮಾತು ಬಿಟ್ಟರೆ, ಹುಡುಕುತ್ತಿದ್ದದ್ದು ಕೈಯನ್ನು, ಮುಖವನ್ನಲ್ಲ. ಕೀರ್ತನೆ 27:8 ನನ್ನ ಮುಖವನ್ನು ಹುಡುಕು ಎನ್ನುತ್ತದೆ. ಹರಕೆಯ ಪ್ರತಿ ವಾರದ ಬೇಡಿಕೆಯ ಕೊನೆಗೆ ‘ಇದು ಆಗದಿದ್ದರೂ ಬರುತ್ತೇನೆ’ ಎಂಬ ಒಂದು ವಾಕ್ಯ ಸೇರಿಸಿ ನೋಡಿ.

ಶನಿವಾರ ಸಂಜೆ

ಭಾನುವಾರದ ಆರಾಧನೆ ಕೆಡುವುದು ಹೆಚ್ಚಾಗಿ ಶನಿವಾರ ರಾತ್ರಿ. ಹನ್ನೊಂದೂವರೆ ತನಕ ಟಿವಿ, ಬೆಳಿಗ್ಗೆ ಇಸ್ತ್ರಿ ಇಲ್ಲದ ಅಂಗಿ, ಒಂದು ಕಾಲಿನ ಚಪ್ಪಲಿ ಕಾಣುತ್ತಿಲ್ಲ, ಗಂಡ ಹೆಂಡತಿ ಮಾತಿಗೆ ಮಾತು, ಸ್ಟೇಷನ್ನಿಗೆ ಓಟ, ಮೊದಲ ಎರಡು ಹಾಡು ಮುಗಿದ ಮೇಲೆ ಹಿಂದಿನ ಸಾಲಿನಲ್ಲಿ ಬೆವರು ಒರೆಸಿಕೊಳ್ಳುವುದು. ಬೆವರು ಆರುವಷ್ಟರಲ್ಲಿ ಪ್ರಸಂಗ ಅರ್ಧ ಆಗಿರುತ್ತದೆ.

ಸಂಜೆ ಏಳರೊಳಗೆ ಬಟ್ಟೆ, ಚಪ್ಪಲಿ, ಸತ್ಯವೇದ, ಹಾಡಿನ ಪುಸ್ತಕ ಒಂದೆಡೆ ತೆಗೆದಿಡಿ. ಕಾಣಿಕೆಯನ್ನು ಕವರಿನಲ್ಲಿ ಹಾಕಿಡಿ. ಚೀಲ ಬಂದಾಗ ಪರ್ಸಿನಲ್ಲಿ ಚಿಲ್ಲರೆ ತಡಕುವುದು ಕಾಣಿಕೆಯಲ್ಲ. ಮೆಗಾ ಬ್ಲಾಕ್ ವಿವರ ನೋಡಿ. ಸೆಂಟ್ರಲ್ ಮತ್ತು ಹಾರ್ಬರ್ ಲೈನಿನಲ್ಲಿ ಭಾನುವಾರದ ದುರಸ್ತಿ ಸಾಮಾನ್ಯವಾಗಿ ಬೆಳಿಗ್ಗೆ 11ರ ಆಸುಪಾಸಿನಿಂದ ಮಧ್ಯಾಹ್ನ 4ರವರೆಗೆ ಇರುತ್ತದೆ. ಮಾಟುಂಗಾ-ಮುಲುಂಡ್ ನಡುವೆ ಬ್ಲಾಕ್ ಇದ್ದು ಸ್ಲೋ ಗಾಡಿಗಳನ್ನು ಫಾಸ್ಟ್ ಹಳಿಗೆ ಹಾಕಿದರೆ ವಿದ್ಯಾವಿಹಾರ, ಕಾಂಜೂರ್‌ಮಾರ್ಗ್, ನಾಹೂರಿನಲ್ಲಿ ಅವು ನಿಲ್ಲುವುದಿಲ್ಲ. ಬೇರೆ ಸಭೆಯ ಕಟ್ಟಡದಲ್ಲೋ ಶಾಲೆಯ ಹಾಲಿನಲ್ಲೋ ಮಧ್ಯಾಹ್ನ ಸೇರುವ ಕನ್ನಡ ಸಭೆಗಳವರಿಗೆ ಇದು ದೊಡ್ಡ ತೊಡಕು. ಮಾಮೂಲಿಗಿಂತ ಮುಕ್ಕಾಲು ಗಂಟೆ ಮೊದಲೇ ಹೊರಡಿ.

ರಾತ್ರಿ ಊಟವಾದ ಮೇಲೆ ಮನೆಯವರೆಲ್ಲ ಸೇರಿ ಮರುದಿನದ ವೇದಪಾಠ ಓದಿ. ಕಥೋಲಿಕ ಮನೆಗಳಲ್ಲಿ ಭಾನುವಾರದ ವಾಚನಗಳು ಮೊದಲೇ ಗೊತ್ತಿರುತ್ತವೆ. ಪ್ರಾಟೆಸ್ಟಂಟರು ಅಯ್ಯನವರನ್ನೋ ಪಾಸ್ಟರನ್ನೋ ‘ನಾಳೆ ಯಾವ ಭಾಗ’ ಎಂದು ಕೇಳಬಹುದು, ಕೇಳಿದರೆ ಅವರಿಗೆ ಸಂತೋಷವೇ. ಮೊದಲೇ ಓದಿದ ಮಾತನ್ನು ಕಿವಿ ಗುರುತು ಹಿಡಿಯುತ್ತದೆ, ಹಾಗಾಗಿ ಮನಸ್ಸು ಜಾರುವುದು ಕಡಿಮೆ. ಕಥೋಲಿಕರೇ, ಪಾಪನಿವೇದನೆ ಮಾಡಿ ಬಹಳ ದಿನವಾಗಿದ್ದರೆ ಶನಿವಾರ ಸಂಜೆಯೇ ಹೋಗಿ. ಪರಮಪ್ರಸಾದ ಸ್ವೀಕರಿಸುವ ಒಂದು ಗಂಟೆ ಮೊದಲಿಂದ ಏನೂ ತಿನ್ನಬಾರದು. ನೀರಿಗೂ ಔಷಧಕ್ಕೂ ಅಡ್ಡಿಯಿಲ್ಲ. ಹತ್ತೂವರೆಗೆ ದೀಪ ಆರಿಸಿ.

ದೇವಾಲಯದೊಳಗೆ

15 ನಿಮಿಷ ಮೊದಲೇ ಕೂತಿರಿ. ಊರವರು ಸಿಕ್ಕಾಗ ಮಾತು ಬರುವುದು ಸಹಜ, ಇಡೀ ವಾರ ಮರಾಠಿ ಹಿಂದಿಯಲ್ಲಿ ಕಳೆದವರಿಗೆ ಕನ್ನಡ ಮಾತೇ ಒಂದು ಹಬ್ಬ. ಆ ಮಾತನ್ನು ಆರಾಧನೆಯ ನಂತರಕ್ಕೆ ಇಡಿ. ಬಾಗಿಲಲ್ಲಿ ನಮಸ್ಕಾರ ಹೇಳಿ ಒಳಗೆ ಬನ್ನಿ.

ಹಾಡುವಾಗ ಪುಸ್ತಕದ ಸಾಲಿನ ಮೇಲೆ ಬೆರಳಿಡಿ. ಬಾಯಿಪಾಠವಾದ ಹಾಡಿನಲ್ಲೇ ಮನಸ್ಸು ಬೇಗ ಹಾರುತ್ತದೆ. ತುಟಿ ಹತ್ತಿರ, ಹೃದಯ ದೂರ ಎಂದು ಯೆಶಾಯ 29:13 ಹೇಳಿದ್ದು ಇಂಥದ್ದನ್ನೇ. ಪ್ರತಿ ಚರಣದಲ್ಲಿ ಒಂದು ಸಾಲನ್ನಾದರೂ ದೇವರಿಗೆ ನೇರವಾಗಿ ಹೇಳಿ. ಒಪ್ಪಲಾಗದ ಸಾಲು ಬಂದರೆ, ‘ಎಲ್ಲವನ್ನೂ ನಿನಗೆ ಕೊಟ್ಟೆ’ ಎಂಬಂಥದ್ದು, ಸುಳ್ಳು ಹಾಡಬೇಡಿ. ‘ಕೊಡುವ ಮನಸ್ಸು ಕೊಡು’ ಎಂದು ಒಳಗೇ ತಿದ್ದಿಕೊಂಡು ಹಾಡಿ.

ಮನಸ್ಸು ಜಾರಿದ್ದು ಗೊತ್ತಾದಾಗ ನಿಮ್ಮನ್ನು ಬೈದುಕೊಳ್ಳಬೇಡಿ. ಬೈದುಕೊಳ್ಳುತ್ತ ಕೂತರೆ ಅದು ಎರಡನೆಯ ಜಾರುವಿಕೆ. ‘ಕರ್ತನೇ’ ಎಂದು ಒಂದೇ ಶಬ್ದ ಹೇಳಿ ಮರಳಿ ಬನ್ನಿ. ಒಂದೂವರೆ ಗಂಟೆಯಲ್ಲಿ ಮೂವತ್ತು ಸಲ ಜಾರಿದರೆ ಮೂವತ್ತು ಸಲ ಬನ್ನಿ. ಮೂವತ್ತು ಸಲ ದೇವರ ಕಡೆ ತಿರುಗಿದ ಹಾಗಾಯಿತು. ಪ್ರಸಂಗದಲ್ಲಿ ಪುಟ ತುಂಬ ಬರೆಯುವುದು ಬೇಡ, ಒಂದೇ ಒಂದು ವಾಕ್ಯ, ಮಂಗಳವಾರ ನೆನಪಿಡಬೇಕಾದದ್ದು. ಕರ್ತನ ಭೋಜನಕ್ಕೆ ಮೊದಲು 1 ಕೊರಿಂಥ 11:28ರ ಪ್ರಕಾರ ನಿಮ್ಮನ್ನು ಪರೀಕ್ಷಿಸಿಕೊಳ್ಳಿ. ಅದು ಪರೀಕ್ಷಿಸಿಕೊಂಡು ಬಾ ಎನ್ನುತ್ತದೆ, ದೂರ ಇರು ಎನ್ನುವುದಿಲ್ಲ.

ಹಾಡಿಸುವವರಿಗೆ ಎರಡು ಮಾತು. ಐದು ಹಾಡಿದ್ದರೆ ಒಂದು ಮಾತ್ರ ಹೊಸದಿರಲಿ, ಅದನ್ನೂ ಮೂರು ವಾರ ಬಿಡದೆ ಹಾಡಿಸಿ. ಶ್ರುತಿ ನಿಮ್ಮ ಗಂಟಲಿಗೆ ಹೊಂದಿದರೆ ಸಾಲದು. ಮೇಲಿನ ಷಡ್ಜ (ಮೇಲಿನ ‘ಸ’) ದಾಟುವ ಹಾಡನ್ನು ಕೀಬೋರ್ಡಿನ ಕಪ್ಪು ಎರಡನೇ ಮನೆಯ ಶ್ರುತಿಯಲ್ಲಿ ಎತ್ತಿದರೆ ಹಿರಿಯರು ಎರಡನೇ ಚರಣಕ್ಕೆ ಬಾಯಿ ಮುಚ್ಚುತ್ತಾರೆ. ಬಿಳಿ ಒಂದಕ್ಕೆ ಇಳಿಸಿ. ಸ್ಪೀಕರಿನ ಸದ್ದು ಸಭೆಯ ದನಿಯನ್ನು ಮುಚ್ಚದಿರಲಿ: ಪಕ್ಕದವರು ಹಾಡುವುದು ಕೇಳಿಸುತ್ತಿದೆಯೇ ಎಂಬುದೇ ಅಳತೆ. ವೇದಪಾಠ ಮುಗಿದ ಕೂಡಲೇ ತಂತಿ ಮೀಟಬೇಡಿ, ಗಡಿಯಾರ ನೋಡಿ ಪೂರಾ ಒಂದು ನಿಮಿಷ ಮೌನ ಬಿಡಿ. ಮೊದಲ ಎರಡು ವಾರ ಜನ ಕೆಮ್ಮುತ್ತಾರೆ, ಮೂರನೆಯ ವಾರ ಕಾಯುತ್ತಾರೆ.

ಕನ್ನಡ ಓದಲು ಬಾರದ ಮಕ್ಕಳ ವಿಷಯವನ್ನು ಯಾವ ಸಭೆಯೂ ಕಡೆಗಣಿಸಬಾರದು. ಮರಾಠಿ ಇಲ್ಲವೇ ಇಂಗ್ಲಿಷ್ ಮಾಧ್ಯಮದಲ್ಲಿ ಓದುವ ಮಗುವಿಗೆ ಹಾಡಿನ ಪುಸ್ತಕ ಬರೀ ಗೆರೆಗಳ ರಾಶಿ. ಆ ವಾರದ ಎರಡು ಹಾಡುಗಳನ್ನು ದೇವನಾಗರಿಯಲ್ಲಿ ಬರೆದು ಜೆರಾಕ್ಸ್ ಮಾಡಿಸಿ ಕೈಗೆ ಕೊಡಿ, ಕೆಳಗೆ ಅರ್ಥವನ್ನು ಮರಾಠಿಯಲ್ಲಿ ಎರಡು ಸಾಲು ಬರೆಯಿರಿ. ಮನೆಯಲ್ಲಿ ಮಗು ಹಿಂದಿಯಲ್ಲಿ ಪ್ರಾರ್ಥಿಸಿದರೆ ತಿದ್ದಬೇಡಿ. ಪವಿತ್ರಾತ್ಮ ಇಳಿದುಬಂದ ಪಂಚಾಶತ್ತಮದ ದಿನ ಒಬ್ಬೊಬ್ಬರೂ ತಮ್ಮ ತಮ್ಮ ಭಾಷೆಯಲ್ಲೇ ಕೇಳಿದರು.

ಉಪವಾಸ

ಯೆರೆಮೀಯನ ಆ ಕಾಗದ ವ್ಯರ್ಥವಾಗಲಿಲ್ಲ. ಎಷ್ಟೋ ವರ್ಷಗಳ ಮೇಲೆ ಬಾಬೆಲಿನಲ್ಲಿದ್ದ ದಾನಿಯೇಲನು 70 ವರ್ಷದ ಮಾತನ್ನು ಓದಿ ತಿಳಿದುಕೊಂಡು, ಉಪವಾಸವಿದ್ದು, ಗೋಣಿತಟ್ಟು ಸುತ್ತಿಕೊಂಡು ದೇವರ ಕಡೆ ಮುಖ ತಿರುಗಿಸಿದನು (ದಾನಿಯೇಲ 9:2-3). ಅವನು ಓದಿದ್ದೂ ಉಪವಾಸವಿದ್ದೂ ಪರಪಟ್ಟಣದಲ್ಲೇ.

ಮೊದಲ ಸಲದವರು ಒಂದು ಹೊತ್ತಿನ ಊಟ ಬಿಟ್ಟರೆ ಸಾಕು. ಆ ಊಟದ ಅರ್ಧ ಗಂಟೆಯನ್ನು ಪ್ರಾರ್ಥನೆಗೆ ಕೊಡಿ. ಬರೀ ಹಸಿದಿದ್ದರೆ ಅದು ಉಪವಾಸವಲ್ಲ. ದಿನದಲ್ಲಿ ನಾಲ್ಕು ಚಹಾ ಕುಡಿಯುವವರಿಗೆ ಮಧ್ಯಾಹ್ನದ ಹೊತ್ತಿಗೆ ತಲೆ ಸಿಡಿಯುತ್ತದೆ. ಅದು ಸೈತಾನನ ಕಾಟವೇನಲ್ಲ, ಚಹಾ ನಿಂತದ್ದರ ಪರಿಣಾಮ. ಮೂರು ದಿನ ಮೊದಲಿಂದಲೇ ಒಂದೊಂದು ಕಪ್ಪು ಕಡಿಮೆ ಮಾಡುತ್ತ ಬನ್ನಿ. ನೀರು ಬಿಡಬೇಡಿ, ಮುಂಬೈಯ ಸೆಕೆಯಲ್ಲಿ ಕಟ್ಟಡದ ಕೆಲಸ ಮಾಡುವವರಂತೂ ರಜೆಯ ದಿನವೇ ಉಪವಾಸವಿರಲಿ. ಬಿಡಿಸುವಾಗ ಗಂಜಿ, ಮಜ್ಜಿಗೆ, ಬಾಳೆಹಣ್ಣು. ಸ್ಟೇಷನ್ನಿನ ವಡಾಪಾವ್‌ನಿಂದ ಬಿಡಿಸಿದರೆ ಹೊಟ್ಟೆ ಉರಿಯುತ್ತದೆ. ಸಕ್ಕರೆ ಕಾಯಿಲೆಯ ಗುಳಿಗೆ, ಇನ್ಸುಲಿನ್ ತೆಗೆದುಕೊಳ್ಳುವವರು, ಬಸುರಿ ಬಾಣಂತಿಯರು ಊಟ ಬಿಡುವುದು ಬೇಡ. ಅವರು ಒಂದು ದಿನ ಟಿವಿ ಸೀರಿಯಲ್ ಬಿಡಲಿ, ಫೋನ್ ಬಿಡಲಿ. ಉಳಿದ ಊಟದ ದುಡ್ಡು ಹಸಿದವರ ಕೈ ಸೇರಬೇಕು. ಯೆಶಾಯ 58 ಓದಿದವರಿಗೆ ಇದನ್ನು ಬೇರೆ ಹೇಳಬೇಕಿಲ್ಲ.

ಏನೂ ಅನಿಸದ ದಿನಗಳು

ಎಲ್ಲವನ್ನೂ ಸರಿಯಾಗಿ ಮಾಡಿದರೂ ತಿಂಗಳುಗಟ್ಟಲೆ ಒಣಗಿದ ಬಾವಿಯಂತೆ ಅನಿಸಬಹುದು. ಮೊದಲು ಮೈಯನ್ನು ನೋಡಿ: ನಿದ್ದೆ ಆರು ಗಂಟೆಗಿಂತ ಕಡಿಮೆಯೇ, ಮನೆಯಲ್ಲಿ ಸಾವಾಗಿದೆಯೇ? ಎರಡು ವಾರಕ್ಕಿಂತ ಹೆಚ್ಚು ಊಟ, ನಿದ್ದೆ, ಆಸಕ್ತಿ ಎಲ್ಲ ಹೋಗಿದ್ದರೆ ಡಾಕ್ಟರರ ಬಳಿ ಹೋಗಿ, ಅದು ಅವಿಶ್ವಾಸವಲ್ಲ. ಬಚ್ಚಿಟ್ಟ ಪಾಪವಿದ್ದರೆ ಅರಿಕೆ ಮಾಡಿ. ಇವೆರಡೂ ಇಲ್ಲವೆಂದರೆ, ಕಾಯುವ ಕಾಲ ಅದು.

ಕಾಯುವಾಗ ನಿಮ್ಮ ಮಾತು ತೀರಿಹೋಗುತ್ತದೆ, ಆಗ ಕೀರ್ತನೆಯ ಮಾತು ಸಾಲ ತೆಗೆದುಕೊಳ್ಳಿ. ‘ಎಷ್ಟರವರೆಗೆ’ ಎಂದು ಕೀರ್ತನೆ 13 ಆರೇ ವಚನಗಳಲ್ಲಿ ನಾಲ್ಕು ಸಲ ಕೇಳುತ್ತದೆ. ಕೀರ್ತನೆ 88 ಸಮಾಧಾನದ ಒಂದು ಸಾಲೂ ಇಲ್ಲದೆ ಕತ್ತಲೆಯಲ್ಲೇ ಮುಗಿಯುತ್ತದೆ, ಆದರೂ ಅದು ಪ್ರಾರ್ಥನೆಯ ಪುಸ್ತಕದಲ್ಲೇ ಇದೆ. ಆ ದಿನಗಳಲ್ಲಿ 15 ನಿಮಿಷವನ್ನು ಐದಕ್ಕೆ ಇಳಿಸಿದರೂ ಪರವಾಗಿಲ್ಲ, ಪೂರಾ ನಿಲ್ಲಿಸಬೇಡಿ. ಸಭೆಗೆ ಹೋಗಿ, ನೀವು ಹಾಡಲಾಗದಾಗ ಪಕ್ಕದವರು ಹಾಡುತ್ತಾರೆ. ಮನೆಯಲ್ಲೇ ಮೊಬೈಲಿನಲ್ಲಿ ಆರಾಧನೆ ನೋಡಿದರೆ ಆ ಪಕ್ಕದವರು ಸಿಗುವುದಿಲ್ಲ. ಹಾಸಿಗೆ ಹಿಡಿದವರ ಮಾತು ಬೇರೆ, ಅವರ ಮನೆಗೆ ಸಭೆಯೇ ಹೋಗಬೇಕು.

ಭಾನುವಾರ ವಾಪಸ್ಸು ಬರುವಾಗ

ಆ ಕಾಗದದ ಏಳನೆಯ ವಚನ ಉಳಿಯಿತು: ನೀವಿರುವ ಪಟ್ಟಣದ ಒಳ್ಳೆಯದಕ್ಕಾಗಿ ಪ್ರಾರ್ಥಿಸಿ. ಇದನ್ನು ಮಾಡಲು ಭಾನುವಾರದ ವಾಪಸ್ಸಿನ ಗಾಡಿಗಿಂತ ಒಳ್ಳೆಯ ಜಾಗವಿಲ್ಲ. ಕಿಟಕಿ ಸಿಕ್ಕರೆ ಕಿಟಕಿ, ಇಲ್ಲವೆಂದರೆ ಬಾಗಿಲಿಂದ ದೂರ ಒಳಗೆ ನಿಲ್ಲಿ. ಗಾಡಿ ನಿಂತ ಪ್ರತಿ ಸ್ಟೇಷನ್ನಿನಲ್ಲೂ ಹತ್ತುವವರಲ್ಲಿ ಒಬ್ಬರನ್ನು ಮಾತ್ರ ನೋಡಿ. ದಾದರಿನಲ್ಲಿ ಹೂವಿನ ಮೂಟೆ ಹೊತ್ತವಳು, ಸಾಯನ್ನಿನಲ್ಲಿ ಆಸ್ಪತ್ರೆಯ ಫೈಲು ಹಿಡಿದವನು, ಘಾಟ್ಕೋಪರಿನಲ್ಲಿ ನಿದ್ದೆಗಣ್ಣಿನ ವಾಚ್‌ಮನ್. ಹೆಸರು ಬೇಡ, ದಿಟ್ಟಿಸುವುದೂ ಬೇಡ. ‘ಇವರ ಮನೆಗೆ ಸಮಾಧಾನ ಕೊಡು’ ಎಂದು ಒಂದು ಮಾತು, ಗಾಡಿ ಬಿಡುವುದರೊಳಗೆ. ನಿಮ್ಮ ಸ್ಟೇಷನ್ ಬಂದಾಗ ಇಳಿಯಿರಿ. ಪ್ಲ್ಯಾಟ್‌ಫಾರ್ಮಿನಲ್ಲಿ ಜೇಬಿನ ಚೀಟಿ ತೆಗೆದು ನೋಡಿ, ಸೋಮವಾರದ ಕೀರ್ತನೆಯ ಸಂಖ್ಯೆಯನ್ನು ಅದರ ಹಿಂಬದಿ ಬರೆದುಕೊಂಡು ಮನೆಗೆ ನಡೆಯಿರಿ.